ತಂತಿ ಬಿಗಿದ ದವಡೆ

“ಹೊಟ್ಟೆಗೆ ಏನೂ ಹಾಕ್ಕೋಬೇಡ್ರೋ! ನೀರು ಬಿಟ್ರೆ ಬೇರೆ ಏನೂ ಬೇಡ!” ಎಂದು ಲೆಫ್ಟಿನೆಂಟ್ ಸ್ಟೆರ್ಯೊಸ್ ಕಪ್ಸಾಲಿಸ್ ಬೆಳಿಗ್ಗೆಯಿಂದ ಬಾಯಿ ಬಡಿದುಕೊಳ್ಳುತ್ತಿದ್ದ. ಕೇಳುವವರು ಯಾರು? ಪ್ರೆವೆಜಾ ಬಂದರಿನ ಧಕ್ಕೆಯ ಮೇಲೆ ಮೂಳೆ ಕೊರೆಯುವ ಚಳಿ. ಅಲ್ಬೇನಿಯಾದ ಬೆಟ್ಟಗಳಲ್ಲಿ ಇಟಲಿಯವರ ಗುಂಡು ತಿಂದು, ಹೇಸರಗತ್ತೆಗಳ ಬೆನ್ನ ಮೇಲೆ ಇಳಿದು ಬಂದ ಗ್ರೀಕ್ ಗಾಯಾಳುಗಳು ಹಡಗಿಗಾಗಿ ಸಾಲುಗಟ್ಟಿ ಕೂತಿದ್ದರು. ಸಾಲಿನ ಪಕ್ಕದಲ್ಲೇ ಊರಿನ ಹೆಂಗಸರು ಹಂಡೆ ಇಟ್ಟು ತ್ರಾಹನಾ ಗಂಜಿ ಕುದಿಸಿ, ಕಂಡಕಂಡವರ ಕೈಗೆಲ್ಲ ಲೋಟ ತುರುಕುತ್ತಿದ್ದರು. ಬೇಡ ಎಂದರೆ ಆ ತಾಯಂದಿರಿಗೆ ಸಿಟ್ಟು ಬರುತ್ತಿತ್ತು.

ಸ್ಟೆರ್ಯೊಸ್ ಹಲ್ಲಿನ ಡಾಕ್ಟರು. ಗ್ರೆವೆನಾದಲ್ಲಿ ಅಂಗಡಿಯಂಥ ಒಂದು ಕೋಣೆಯಲ್ಲಿ ಕುರಿ ಕಾಯುವವರ ಹಲ್ಲು ನೋಡಿಕೊಂಡು ತಣ್ಣಗಿದ್ದವನನ್ನು ಯುದ್ಧ ಶುರುವಾಗುತ್ತಲೇ ಸೈನ್ಯ ಎಳೆದುಕೊಂಡಿತ್ತು. ಸೈನ್ಯದಲ್ಲಿ ಹಲ್ಲಿನವರ ಪಾಡು ಹೇಳಿ ಸುಖವಿಲ್ಲ. ದೊಡ್ಡ ಡಾಕ್ಟರುಗಳು ಅವರನ್ನು ಊಟಕ್ಕೆ ಕರೆಯುವಾಗಲೂ “ಏ ಹಲ್ಲು ಕೀಳೋನೇ” ಎಂದೇ ಕರೆಯುತ್ತಿದ್ದರು. ಕಾಲು ಹೋದವನ ಮುಂದೆ, ಕರುಳು ಹೊರಬಿದ್ದವನ ಮುಂದೆ ಹಲ್ಲೇನು ಮಹಾ ಎಂಬುದು ಅವರ ವಾದ. ಆದರೆ ಆ ಚಳಿಗಾಲದಲ್ಲಿ ಕಂದಕದಿಂದ ತಲೆ ಎತ್ತಿದವರಿಗೆಲ್ಲ ಫಿರಂಗಿಯ ಚೂರು ಬಡಿಯುತ್ತಿದ್ದುದು ಮುಖಕ್ಕೇ. ಒಡೆದ ದವಡೆಗಳು ಒಂದರ ಹಿಂದೊಂದು ಬರತೊಡಗಿದಾಗ ಅದೇ ದೊಡ್ಡ ಡಾಕ್ಟರುಗಳು, “ಇದು ನಿಮ್ಮ ಕಡೆ ಕೆಲಸ, ನೀವೇ ನೋಡ್ಕೊಳ್ಳಿ” ಎಂದು ಹಲ್ಲಿನವರ ಡೇರೆಗೆ ದಬ್ಬಿ ಕೈತೊಳೆದುಕೊಂಡರು.

ಅಲ್ಲಿಂದ ಹಲ್ಲಿನವರದೇ ಒಂದು ಲೋಕ ಬೆಳೆಯಿತು. ಮೇಲಿನ ಹಲ್ಲಿನ ಸಾಲಿಗೊಂದು ಹಿತ್ತಾಳೆಯ ಕಂಬಿ, ಕೆಳಗಿನ ಸಾಲಿಗೊಂದು. ಒಂದೊಂದು ಹಲ್ಲಿಗೂ ಸಣ್ಣ ತಂತಿ ಸುತ್ತಿ ಕಂಬಿಗೆ ಕಟ್ಟಿ, ಆಮೇಲೆ ಮೇಲಿನ ಕಂಬಿಯನ್ನೂ ಕೆಳಗಿನ ಕಂಬಿಯನ್ನೂ ಸೇರಿಸಿ ಬಿಗಿದುಬಿಟ್ಟರೆ ಬಾಯಿ ಬೀಗ ಹಾಕಿದ ಹಾಗೆ ಮುಚ್ಚಿಕೊಂಡು ಒಳಗೆ ಮೂಳೆ ಕೂಡುತ್ತದೆ. ಯಾರ ಕಟ್ಟು ಹೇಗಿದೆ ಎಂಬುದೇ ಅವರೊಳಗೆ ದೊಡ್ಡ ಮಾತು. ರೋಗಿ ಒಂದು ಡೇರೆಯಿಂದ ಇನ್ನೊಂದಕ್ಕೆ ಹೋದರೆ ಅಲ್ಲಿಯವನು ಅವನ ತುಟಿ ಎತ್ತಿ ನೋಡಿ, ಇದು ಇಂಥವನ ಕೈ ಎಂದು ಹೇಳಿಬಿಡುತ್ತಿದ್ದ. ತಂತಿಯ ತುದಿ ಹೊರಗೆ ಕಂಡರೆ ಕಟ್ಟಿದವನಿಗೆ ಅವಮಾನ. ಇವರೆಲ್ಲರ ತಲೆಯ ಮೇಲೆ ಪಿರೆಯಸ್ ಬಂದರಿನ ಆಸ್ಪತ್ರೆಯಲ್ಲಿ ದವಡೆ ವಾರ್ಡಿನ ಕರ್ನಲ್ ಸ್ಕಾರ್ಲಾತೋಸ್ ಕೂತಿದ್ದರು. ಬೆಟ್ಟದಿಂದ ಬರುವ ಒಂದೊಂದು ಬಾಯಿಯನ್ನೂ ಅವರೇ ನೋಡುತ್ತಿದ್ದರು. ಚೆನ್ನಾಗಿದ್ದರೆ “ಹೂಂ” ಎನ್ನುತ್ತಿದ್ದರು. ಆ ಒಂದು ಹೂಂಗಾಗಿ ಮೀಸೆ ಬಂದ ಗಂಡಸರು ಬೆರಳು ಮರಗಟ್ಟುವ ತನಕ ತಂತಿ ಸುತ್ತುತ್ತಿದ್ದರು ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ಇಂಥ ಮೂರು ದವಡೆಗಳನ್ನು ಪಿರೆಯಸ್ಸಿಗೆ ತಲುಪಿಸುವ ಹೊಣೆ ಆ ದಿನ ಸ್ಟೆರ್ಯೊಸ್‌ನದು. ಒಬ್ಬ ಜೀಸಿಸ್, ಫಿರಂಗಿ ಪಡೆಯ ಮಿತಭಾಷಿ. ಇನ್ನೊಬ್ಬ ಪಾಂಡೆಲಿಸ್, ಯಾವಾಗಲೂ ಕಣ್ಣು ಮುಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವವನು. ಮೂರನೆಯವನು ಕಾರ್ಪೊರಲ್ ಲಾಂಬ್ರೋಸ್. ಕಾರ್ಡಿತ್ಸಾದಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದ ಮಹಾ ಮಾತುಗಾರ. ಹಲ್ಲು ಬಿಗಿದಿದ್ದರೂ ಸಂದಿಯಿಂದಲೇ ಬುಸುಗುಟ್ಟುತ್ತ ಮಾತಾಡುತ್ತಿದ್ದ. ಸ್ಟೆರ್ಯೊಸ್‌ನನ್ನು ಲೆಫ್ಟಿನೆಂಟ್ ಎಂದು ಒಂದು ದಿನವೂ ಕರೆದವನಲ್ಲ.

“ಮೇಸ್ತ್ರಿ, ಆ ಹೆಂಗಸು ನನ್ನ ನೋಡಿ ಅಳ್ತಾ ಇದ್ಲು. ಕುಡೀದೆ ಇರೋಕಾಗುತ್ತಾ?”

ಸ್ಟೆರ್ಯೊಸ್ ತಿರುಗಿ ನೋಡಿದ. ಲಾಂಬ್ರೋಸ್‌ನ ಕೈಯಲ್ಲಿ ಗಂಜಿಯ ಲೋಟ ಖಾಲಿ. ಹಲ್ಲಿನ ಸಂದಿಗೆ ಇಟ್ಟುಕೊಂಡಿದ್ದ ನಳಿಗೆಯನ್ನು ಇನ್ನೂ ಚೀಪುತ್ತಿದ್ದ.

“ನಿನ್ನ ತಲೆ ಕೆಟ್ಟಿದೆಯೇನೋ? ಎಷ್ಟು ಕುಡಿದೆ?”

“ಒಂದೇ ಲೋಟ,” ಎಂದು ಲಾಂಬ್ರೋಸ್ ಕಣ್ಣು ಮಿಟುಕಿಸಿದ. “ಎರಡು ಸಲ.”

ಸ್ಟೆರ್ಯೊಸ್ ಲೋಟ ಕಸಿದುಕೊಂಡ. ಬಾಯಿ ಬಿಗಿದವನು ಸಮುದ್ರದ ಮೇಲೆ ವಾಂತಿ ಮಾಡಿಕೊಂಡರೆ ಅದು ಹೊರಗೆ ಬರಲು ದಾರಿಯಿಲ್ಲ. ಉಸಿರಿನ ಕೊಳವೆಗೆ ನುಗ್ಗುತ್ತದೆ, ಮನುಷ್ಯ ಕಣ್ಣೆದುರೇ ಉಸಿರುಗಟ್ಟಿ ಸಾಯುತ್ತಾನೆ. ಅದಕ್ಕೇ ಹಲ್ಲಿನವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಹಡಗು ಹತ್ತಿಸುವ ಮೊದಲು ಮೇಲಿನ ಕಂಬಿಗೂ ಕೆಳಗಿನ ಕಂಬಿಗೂ ನಡುವಿನ ತಂತಿಯನ್ನು ಬಿಚ್ಚಿ, ಅದರ ಬದಲು ರಬ್ಬರಿನ ಉಂಗುರ ಹಾಕಬೇಕು. ರಬ್ಬರಾದರೆ ಯಾರು ಬೇಕಾದರೂ ಕಚಕ್ ಎಂದು ಕತ್ತರಿಸಬಹುದು. ಕತ್ತರಿಸದಿದ್ದರೂ ಬಾಯಿ ಜಗ್ಗಿ ತೆರೆದುಕೊಳ್ಳುತ್ತದೆ.

ರಬ್ಬರಿಗಾಗಿ ಅವನು ಹಿಂದಿನ ದಿನ ಹಡಗಿನ ಗಾಯಾಳುಗಳ ಯಜಮಾನ, ಸರ್ಜನ್ ಮೇಜರ್ ಖರಿಟಾಕಿಸ್‌ನ ಮುಂದೆ ಕೈಕಟ್ಟಿ ನಿಂತಿದ್ದ. ಮೇಜರ್ ಮೂಗು ಮುರಿದಿದ್ದ. “ಹೊಟ್ಟೆಯೊಳಗಿನ ಕೀವು ತೆಗೆಯೋಕೆ ನನ್ನ ಹತ್ರ ನಳಿಗೆ ಇಲ್ಲ. ನಿನ್ನ ಹಲ್ಲಿಗೆ ಉಂಗುರ ಮಾಡ್ಸೋಕೆ ಕೊಡ್ಲಾ? ಮದುವೆ ಮಾಡ್ತೀಯೇನು ಹಲ್ಲುಗಳಿಗೆ?” ಆದರೂ ಬೈಯುತ್ತಲೇ ಒಂದು ಗೇಣು ರಬ್ಬರ್ ನಳಿಗೆ ಎಸೆದಿದ್ದ. ಸ್ಟೆರ್ಯೊಸ್ ಅದನ್ನು ಸಣ್ಣ ಸಣ್ಣ ಉಂಗುರಗಳಾಗಿ ಕೊಯ್ದು ಜೀಸಿಸ್‌ಗೆ ಹಾಕಿದ್ದ. ಪಾಂಡೆಲಿಸ್‌ಗೆ ಹಾಕಿದ್ದ. ಇನ್ನೂ ನಾಲ್ಕು ಬೆರಳಿನಷ್ಟು ನಳಿಗೆ ಉಳಿದಿತ್ತು. ಒಂದು ಬಾಯಿಗೆ ಧಾರಾಳ ಸಾಕು.

ಆದರೆ ಲಾಂಬ್ರೋಸ್‌ನ ತುಟಿ ಎತ್ತಿ ನೋಡಿದಾಗ ಅವನಿಗೆ ಬಿಚ್ಚಲು ಕೈ ಬರಲಿಲ್ಲ.

ಅಂಥ ಕಟ್ಟು ಅವನು ಜನ್ಮದಲ್ಲಿ ಕಟ್ಟಿರಲಿಲ್ಲ. ಎಡ ದವಡೆ ಎರಡು ಕಡೆ ಮುರಿದಿದ್ದ ಮನುಷ್ಯ ಅವನು. ತಂತಿಯನ್ನು ಜೋಡಿ ಎಳೆ ಹೊಸೆದು, ಒಂದರ ಮೇಲೊಂದು ಅಡ್ಡಹಾಯಿಸಿ, ಒಂದೇ ಒಂದು ತುದಿಯೂ ಕಾಣದಂತೆ ಎಲ್ಲ ಗಂಟುಗಳನ್ನೂ ಕಂಬಿಯ ಹಿಂದೆ, ಒಸಡಿನ ಕಡೆಗೆ ಮಡಿಸಿ ಅಡಗಿಸಿದ್ದ. ಹಲ್ಲುಗಳು ಮೇಲೆ ಕೆಳಗೆ ಕರಾರುವಾಕ್ಕಾಗಿ ಕೂತಿದ್ದವು. ಪಕ್ಕದ ಡೇರೆಯ ಹಲ್ಲಿನವನು ಇದನ್ನು ನೋಡಿ ಹೋಗಿ, ತನ್ನ ರೋಗಿಯ ಕಟ್ಟು ಬಿಚ್ಚಿ ಮತ್ತೆ ಕಟ್ಟಿದ್ದ. ಇಂಥದ್ದನ್ನು ಕರ್ನಲ್ ಸ್ಕಾರ್ಲಾತೋಸ್ ನೋಡದೇ ಹೋಗುವುದೇ? ಬಿಚ್ಚಿ ರಬ್ಬರ್ ಹಾಕಿದರೆ ಉಳಿಯುವುದು ಎರಡು ಬೋಳು ಕಂಬಿ. ಅದನ್ನು ಯಾರು ಬೇಕಾದರೂ ಕಟ್ಟುತ್ತಾರೆ. ಒಂದು ದಿನದ ಪ್ರಯಾಣ ತಾನೇ, ಎಂದುಕೊಂಡ ಸ್ಟೆರ್ಯೊಸ್. ಬೇಕಿದ್ದರೆ ತಂತಿ ಕತ್ತರಿ ಅವನ ಕೊರಳಿಗೇ ಕಟ್ಟಿರುತ್ತೇನೆ. ರಬ್ಬರ್ ಸಾಲಲಿಲ್ಲ ಎಂದರಾಯಿತು. ಹೀಗೆ ತನಗೆ ತಾನೇ ಟೋಪಿ ಹಾಕಿಕೊಂಡು, ಕತ್ತರಿಗೆ ದಾರ ಪೋಣಿಸಿ ಲಾಂಬ್ರೋಸ್‌ನ ಕೊರಳಿಗೆ ನೇತುಹಾಕಿದ್ದ.

ಗಂಜಿ ಕುಡಿದ ಸುದ್ದಿ ತಿಳಿದಾಗಲಾದರೂ ಬಿಚ್ಚಬಹುದಿತ್ತು. ಅಷ್ಟರಲ್ಲಿ ಮೇಜರ್ ಕೂಗುತ್ತ ಬಂದ.

“ಮೋಡ ಇಳಿದಿದೆ, ಇಟಲಿ ವಿಮಾನ ಇವತ್ತು ಬರಲ್ಲ. ಹತ್ರಿ ಹತ್ರಿ! ಇಂಥ ಹವಾ ಮತ್ತೆ ಸಿಗಲ್ಲ!”

ವಿಮಾನಕ್ಕೆ ಕೆಟ್ಟ ಹವೆ ಎಂದರೆ ಹಡಗಿಗೂ ಕೆಟ್ಟ ಹವೆಯೇ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೂವರನ್ನೂ ಹಡಗಿನ ಊಟದ ಕೋಣೆಯ ಮೂಲೆಯಲ್ಲಿ, ಬೆಂಚಿನ ಮೇಲೆ ಮುಂದಕ್ಕೆ ಬಾಗಿಸಿ ಕೂರಿಸಿದರು. ದವಡೆಯವರನ್ನು ಅಂಗಾತ ಮಲಗಿಸಬಾರದು ಎಂದು ಸ್ಟೆರ್ಯೊಸ್ ಎಲ್ಲರಿಗೂ ಹೇಳಿ ಹೇಳಿ ಸುಸ್ತಾಗಿದ್ದ. ಅದನ್ನು ಕೇಳಿಸಿಕೊಂಡವಳು ಸಿಸ್ಟರ್ ಪೊಲಿಕ್ಸೇನಿ ಒಬ್ಬಳೇ. ಐವತ್ತರ ಹೆಂಗಸು, ದೊಡ್ಡ ಕೈ, ದೊಡ್ಡ ಗಂಟಲು. ಮೇಜರನ ಮುಂದೆಯೂ ತಗ್ಗಿ ಮಾತಾಡುವವಳಲ್ಲ. ಮೂವರ ತುಟಿಯನ್ನೂ ಒಂದೊಂದಾಗಿ ಎತ್ತಿ ನೋಡಿದಳು.

“ಇವರಿಬ್ಬರಿಗೆ ರಬ್ಬರ್ ಇದೆ. ಇವನಿಗ್ಯಾಕೆ ಇಲ್ಲ?”

“ಸಾಲಲಿಲ್ಲ ಸಿಸ್ಟರ್.”

“ಸಾಲಲಿಲ್ವಾ?” ಎಂದು ಅವಳು ಅವನ ಮುಖವನ್ನೇ ನೋಡಿದಳು. “ನನ್ನ ಕೇಳಿದ್ರೆ ನನ್ನ ಕಾಲ್ಚೀಲದ ರಬ್ಬರ್ ಪಟ್ಟಿ ಬಿಚ್ಚಿ ಕೊಡ್ತಿದ್ದೆ.”

ಲಾಂಬ್ರೋಸ್ ಬುಸಬುಸನೆ ನಕ್ಕ. “ಮೇಸ್ತ್ರಿ, ಮೊದ್ಲೇ ಕೇಳ್ಬಾರ್ದಿತ್ತಾ! ಸಿಸ್ಟರ್ ಕಾಲ್ಚೀಲ ನನ್ನ ಬಾಯಲ್ಲಿ ಇರ್ತಿತ್ತು!”

“ನಿನ್ನ ಬಾಯಿ ಬಿಗಿದಿದ್ದೇ ಒಳ್ಳೇದಾಯ್ತು” ಎಂದು ಅವಳು ಅವನ ತಲೆಗೆ ಮೊಟಕಿದಳು.

ಸ್ಟೆರ್ಯೊಸ್ ನಗಲಿಲ್ಲ. ಕೋಟಿನ ಜೇಬಿನಲ್ಲಿದ್ದ ರಬ್ಬರಿನ ತುಂಡು ಕೈಗೆ ತಗುಲಿತು. ಈಗಲೂ ಹೊತ್ತು ಮೀರಿಲ್ಲ, ಬಿಚ್ಚು, ಎಂದು ಒಳಗೊಂದು ದನಿ ಹೇಳಿತು. ಬಿಚ್ಚಿದರೆ ಸಿಸ್ಟರ್ ಮುಂದೆ ಸುಳ್ಳುಗಾರನಾಗುತ್ತೇನೆ ಎಂದಿತು ಇನ್ನೊಂದು. ಹಡಗು ಇನ್ನೂ ಕೊಲ್ಲಿಯ ಬಾಯಿ ದಾಟಿರಲಿಲ್ಲ. ನೀರು ಶಾಂತವಾಗಿತ್ತು. ನೋಡೋಣ, ಎಂದುಕೊಂಡ.

ಲೆಫ್ಕಾದಾ ದ್ವೀಪದ ಹೊರಮಗ್ಗುಲಿಗೆ ಬರುತ್ತಿದ್ದ ಹಾಗೆ ತೆಂಕಣ ಗಾಳಿ ಹೊಡೆಯತೊಡಗಿತು. ಮೊದಲು ಮೇಜಿನ ಮೇಲಿನ ತಟ್ಟೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿದವು. ಆಮೇಲೆ ಮನುಷ್ಯರು ಜಾರಿದರು. ನೆಲದ ಮೇಲೆ ಮಲಗಿಸಿದ್ದ ಗಾಯಾಳುಗಳು ಒಬ್ಬರ ಮೇಲೊಬ್ಬರು ಉರುಳಿ ಅಯ್ಯೋ ಅಮ್ಮಾ ಎಂದು ಕೂಗಿಕೊಂಡರು. ಯಾರೋ ಒಬ್ಬ ವಾಂತಿ ಮಾಡಿಕೊಂಡ. ಅದರ ವಾಸನೆಗೆ ಇನ್ನೊಬ್ಬ. ನೋಡನೋಡುತ್ತ ಇಡೀ ಕೋಣೆ ಹುಳಿ ನಾತದಿಂದ ತುಂಬಿಹೋಯಿತು.

ಪಾಂಡೆಲಿಸ್‌ನ ಬಾಯಿಂದ ಹುಳಿ ನೀರು ಕಿತ್ತುಕೊಂಡು ಬಂತು. ರಬ್ಬರ್ ಉಂಗುರಗಳು ಹಿಗ್ಗಿದವು, ಬಾಯಿ ಬೆರಳಗಲ ತೆರೆಯಿತು, ಎಲ್ಲ ಹೊರಗೆ ಬಂತು. ಸಿಸ್ಟರ್ ಕತ್ತರಿ ತೂರಿಸಿ ಉಳಿದ ಉಂಗುರಗಳನ್ನೂ ಕತ್ತರಿಸಿ ಅವನ ಬೆನ್ನು ತಟ್ಟಿದಳು. ಅವನು ಅಳುತ್ತ ಶಿಲುಬೆ ಹಾಕಿಕೊಂಡ. ಅಷ್ಟೇ, ಏನೂ ಆಗಲಿಲ್ಲ.

ಸ್ಟೆರ್ಯೊಸ್ ಲಾಂಬ್ರೋಸ್‌ನ ಮುಂದೆ ಮೊಣಕಾಲೂರಿದ. “ಬಾಯಿ ಕೊಡೋ, ಬಿಚ್ಚಿಬಿಡ್ತೀನಿ.”

ಲಾಂಬ್ರೋಸ್‌ನ ಮುಖ ಬಿಳಿಚಿತ್ತು. ಆದರೂ ಬುಸುಗುಟ್ಟಿದ. “ಬೇಡ ಮೇಸ್ತ್ರಿ. ನಾನು ಗಟ್ಟಿ ಇದ್ದೀನಿ. ಇಷ್ಟು ಕಷ್ಟಪಟ್ಟು ಕಟ್ಟಿದ್ದೀರಿ, ಹಾಳು ಮಾಡ್ಬೇಡಿ.”

ಆ ಮಾತು ಚೂರಿಯ ಹಾಗೆ ಚುಚ್ಚಿತು. ಸ್ಟೆರ್ಯೊಸ್ ಅವನ ಕೊರಳಿನ ಕತ್ತರಿಗೆ ಕೈ ಹಾಕಿದ. ಆಗಲೇ ಹಡಗು ಎದ್ದು ಬಿತ್ತು, ಅದರ ಜೊತೆಗೆ ಅವನ ಹೊಟ್ಟೆಯೂ ಎದ್ದು ಬಂತು. ಬೆಟ್ಟದಲ್ಲಿ ಹುಟ್ಟಿ ಬೆಳೆದವನು, ಹಡಗಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ರೋಗಿಯ ಮೇಲೆ ಕಕ್ಕುವುದಕ್ಕಾಗುತ್ತದೆಯೇ? ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡಿದ. ಹಡಗಿನ ಅಂಚಿನ ಕಟಾಂಜನಕ್ಕೆ ಜೋತುಬಿದ್ದು, ಕರುಳು ಕಿತ್ತು ಬರುವ ಹಾಗೆ ಕಕ್ಕಿದ. ಉಪ್ಪುನೀರು ಮುಖಕ್ಕೆ ರಾಚುತ್ತಿತ್ತು. ಥೂ ನಿನ್ನ ಜನ್ಮಕ್ಕೆ, ಎಂದು ತನ್ನನ್ನು ತಾನೇ ಬೈದುಕೊಂಡ. ಮೇಲೇಳಲು ನೋಡಿದರೆ ಕಾಲು ನಿಲ್ಲಲಿಲ್ಲ.

“ಲೆಫ್ಟಿನೆಂಟ್!” ಕೆಳಗಿನಿಂದ ಸಿಸ್ಟರಿನ ಗಂಟಲು ಗಾಳಿಯನ್ನೂ ಸೀಳಿಕೊಂಡು ಬಂತು. “ಲೆಫ್ಟಿನೆಂಟ್, ಬೇಗ ಬನ್ರೀ! ಲಾಂಬ್ರೋಸ್!”

ಮೆಟ್ಟಿಲು ಇಳಿದನೋ ಬಿದ್ದನೋ ಅವನಿಗೇ ಗೊತ್ತಾಗಲಿಲ್ಲ. ಪೊಲಿಕ್ಸೇನಿ ಲಾಂಬ್ರೋಸ್‌ನನ್ನು ಬೆಂಚಿನ ಅಂಚಿಗೆ ಬೋರಲು ಎಳೆದು ತಲೆ ತಗ್ಗಿಸಿ ಹಿಡಿದಿದ್ದಳು. ಗಂಜಿ ಮೂಗಿನಿಂದ ಸುರಿಯುತ್ತಿತ್ತು, ಹಲ್ಲಿನ ಸಂದಿಯಿಂದ ಜಿನುಗುತ್ತಿತ್ತು. ಉಳಿದದ್ದು ಒಳಗೇ. ಲಾಂಬ್ರೋಸ್‌ನ ಎದೆ ಏರುತ್ತಿರಲಿಲ್ಲ, ಹೊಟ್ಟೆ ಮಾತ್ರ ಒದ್ದಾಡುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು. ಎರಡೂ ಕೈಯಿಂದ ತನ್ನ ಬಾಯಿಯನ್ನು ತಾನೇ ಪರಚಿಕೊಳ್ಳುತ್ತಿದ್ದ.

ಸಿಸ್ಟರಿನ ಕೈಯಲ್ಲಿ ತಂತಿ ಕತ್ತರಿ ಇತ್ತು. “ಎಲ್ಲಿ ಕತ್ತರಿಸ್ಲಿ? ಎಲ್ಲಿ ಅಂತ ಕತ್ತರಿಸ್ಲಿ? ಒಂದು ತುದಿನಾದ್ರೂ ಕಾಣ್ಬೇಡ್ವಾ? ಯಾವ ಪಾಪಿ ಕಟ್ಟಿದ್ದು ಇದನ್ನ!”

ಕಟ್ಟಿದ ಪಾಪಿ ಕತ್ತರಿ ಕಸಿದುಕೊಂಡ. ಬಲಗಡೆ ಗಂಟು ಎಲ್ಲಿದೆ ಎಂದು ಅವನ ಬೆರಳಿಗೆ ಗೊತ್ತಿತ್ತು. ಕತ್ತರಿಯ ಮೂತಿ ತೂರಿಸಿ ಅದುಮಿದ. ಜೋಡಿ ಎಳೆಯಲ್ಲಿ ಒಂದು ತುಂಡಾಯಿತು, ಇನ್ನೊಂದರ ಮೇಲೆ ಕತ್ತರಿ ಜಾರಿತು. ಮತ್ತೆ ಅದುಮಿದ. ಬಲಗಡೆ ಬಿಟ್ಟಿತು. ಎಡಗಡೆ ಕೆನ್ನೆ ಊದಿಕೊಂಡಿತ್ತು. ಗಂಟು ಒಸಡಿನ ಹಿಂದೆ, ಕಂಬಿಯ ಮರೆಯಲ್ಲಿ. ಅವನೇ ಅಡಗಿಸಿಟ್ಟದ್ದು. ಕತ್ತರಿ ಅಲ್ಲಿಗೆ ಹೋಗುತ್ತಿರಲಿಲ್ಲ. ಹಡಗು ಹೊರಳಿತು, ಕತ್ತರಿ ಲಾಂಬ್ರೋಸ್‌ನ ತುಟಿ ಸೀಳಿತು. ಲಾಂಬ್ರೋಸ್‌ನ ಕೈಗಳು ಪರಚುವುದನ್ನು ಬಿಟ್ಟು ಜೋತುಬಿದ್ದವು.

“ಹೋದ, ಹೋದ!” ಎಂದಳು ಸಿಸ್ಟರ್.

ಸ್ಟೆರ್ಯೊಸ್ ಕತ್ತರಿ ಎಸೆದ. ಚೀಲಕ್ಕೆ ಕೈ ಹಾಕಿ ದೊಡ್ಡ ಇಕ್ಕಳ ತೆಗೆದ. ಹಲ್ಲು ಕೀಳುವ ಇಕ್ಕಳ. ಗಟ್ಟಿ ಹಲ್ಲನ್ನು ಕೀಳಬಾರದು ಎಂದು ಕಲಿಸಿದ ಗುರುವಿನ ಮುಖ ಕಣ್ಣ ಮುಂದೆ ಬಂದು ಹೋಯಿತು. ಎಡಗಡೆಯ ಕೆಳಗಿನ ಎರಡು ಹಲ್ಲುಗಳನ್ನು ಕಂಬಿಯ ಸಮೇತ ಇಕ್ಕಳದಲ್ಲಿ ಕಚ್ಚಿಸಿದ. ಬೆಂಚಿಗೆ ಮೊಣಕಾಲು ಕೊಟ್ಟು, “ತಲೆ ಬಿಗಿಯಾಗಿ ಹಿಡ್ಕೊಳ್ಳಿ ಸಿಸ್ಟರ್!” ಎಂದು ಕೂಗಿ, ಇದ್ದ ಬಲವನ್ನೆಲ್ಲ ಹಾಕಿ ಕೆಳಕ್ಕೆ ತಿರುಚಿದ. ಒಳಗೆ ಏನೋ ಲಟಕ್ಕೆಂದಿತು. ಕೂಡುತ್ತಿದ್ದ ಮೂಳೆಯೂ ಇರಬಹುದು. ಅವನು ನಿಲ್ಲಿಸಲಿಲ್ಲ, ಮತ್ತೆ ತಿರುಚಿದ. ಎರಡು ಹಲ್ಲು, ಒಂದು ತುಂಡು ಒಸಡು, ಬಾಗಿದ ಕಂಬಿ ಎಲ್ಲವೂ ಒಟ್ಟಿಗೆ ಕಿತ್ತು ಬಂದವು.

ಬಾಯಿ ತೆರೆಯಿತು. ಸ್ಟೆರ್ಯೊಸ್ ಎರಡು ಬೆರಳು ಗಂಟಲ ತನಕ ಇಳಿಸಿ ಸಿಕ್ಕಿದ್ದನ್ನೆಲ್ಲ ಬಾಚಿ ತೆಗೆದ. ಸಿಸ್ಟರ್ ಬೆನ್ನಿಗೆ ಅಂಗೈಯಿಂದ ಗುದ್ದಿದಳು. ಒಂದು ಸಲ ಏನೂ ಇಲ್ಲ. ಇನ್ನೊಂದು ಸಲ ಗುದ್ದಿದಳು. ಆಗ ಲಾಂಬ್ರೋಸ್‌ನ ಒಳಗಿನಿಂದ ಹರಿದ ತಿದಿಯಂಥ ಒಂದು ಸದ್ದು ಬಂತು. ರಕ್ತ, ಗಂಜಿ, ಆಮೇಲೆ ಉಸಿರು. ಕರ್ಕಶವಾದ ದೊಡ್ಡ ಉಸಿರು. ಪೊಲಿಕ್ಸೇನಿ “ನನ್ನಪ್ಪಾ, ನನ್ನ ಕಂದಾ” ಎಂದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತಳು.

ಸ್ಟೆರ್ಯೊಸ್ ಅಲ್ಲೇ ವಾಂತಿಯ ಮೇಲೆ ಕುಸಿದು ಕೂತ. ಇಕ್ಕಳ ಹಿಡಿದ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ತಲೆ ಎತ್ತಿದಾಗ ಬಾಗಿಲ ಹತ್ತಿರ ಮೇಜರ್ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೇಜರ್ ಬಂದು, ಬಗ್ಗಿ, ಇಕ್ಕಳವನ್ನು ಅವನ ಕೈಯಿಂದ ಮೆಲ್ಲನೆ ಬಿಡಿಸಿ ತೆಗೆದ.

ಪಾತ್ರಾ ಕೊಲ್ಲಿ ಹೊಕ್ಕ ಮೇಲೆ ಗಾಳಿ ಇಳಿಯಿತು. ಸ್ಟೆರ್ಯೊಸ್ ಹರಿದ ಒಸಡಿಗೆ ಹೊಲಿಗೆ ಹಾಕಿ, ಗದ್ದಕ್ಕೆ ಬಟ್ಟೆ ಸುತ್ತಿ ದವಡೆಯನ್ನು ಎತ್ತಿ ಕಟ್ಟಿದ್ದ. ಎಡಗಡೆ ಮತ್ತೆ ಕುಸಿದಿತ್ತು. ಕೂಡಿದ್ದ ಮೂಳೆ ಬೇರೆಯಾದದ್ದು ಬೆರಳಿಗೇ ತಿಳಿಯುತ್ತಿತ್ತು. ಮೇಜರ್ ಎರಡು ಲೋಟ ಕೋನ್ಯಾಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ.

“ಕುಡಿ. ಕುಡಿಯೋ ಮಾರಾಯ. ನಾನಾಗಿದ್ರೆ ಉಸಿರಿಗೆ ದಾರಿ ಮಾಡೋಕೆ ಗಂಟಲು ಕೊಯ್ಯೋ ಚಾಕು ಹುಡುಕ್ತಾ ಇರ್ತಿದ್ದೆ, ಅಷ್ಟರಲ್ಲಿ ಅವನ ಕಥೆ ಮುಗೀತಿತ್ತು. ಹಲ್ಲು ಕೀಳೋನು ಅಂತ ಇನ್ನು ನಿನ್ನ ಕರೆದ್ರೆ ನನ್ನ ನಾಲಿಗೆ ಬಿದ್ದೋಗ್ಲಿ.” ಆಮೇಲೆ ದನಿ ತಗ್ಗಿಸಿದ. “ಆ ರಬ್ಬರು... ಸಾಲಲಿಲ್ಲ ಅಂತ ಸಿಸ್ಟರ್ ಹೇಳಿದ್ಲು. ಇನ್ನೊಂದು ಗೇಣು ಕೊಟ್ಟಿದ್ರೆ ನನ್ನ ಗಂಟೇನೂ ಹೋಗ್ತಿರ್ಲಿಲ್ಲ. ತಪ್ಪು ನಂದು.”

ಅಲ್ಲ ಸ್ವಾಮಿ, ನೀವು ಕೊಟ್ಟದ್ದು ಸಾಕಷ್ಟಿತ್ತು, ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸ್ಟೆರ್ಯೊಸ್ ಕೋನ್ಯಾಕ್ ಗುಟುಕರಿಸಿದ. ಹೇಳಲಿಲ್ಲ. ನಾಚಿಕೆ ಎನ್ನುವುದು ಇಷ್ಟು ಮೈಸುಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಚೆಯಿಂದ ಲಾಂಬ್ರೋಸ್ ಅವನನ್ನೇ ನೋಡುತ್ತಿದ್ದ. ಕಣ್ಣಲ್ಲಿ ಕೃತಜ್ಞತೆ ತುಂಬಿ ತುಳುಕುತ್ತಿತ್ತು. ಅದನ್ನು ನೋಡಲಾಗದೆ ಸ್ಟೆರ್ಯೊಸ್ ಮುಖ ತಿರುಗಿಸಿಕೊಂಡ.

ಪಿರೆಯಸ್ ತಲುಪಿದಾಗ ಬಿಸಿಲು ಬಂದಿತ್ತು. ಕರ್ನಲ್ ಸ್ಕಾರ್ಲಾತೋಸ್ ಹಡಗಿಗೇ ಬಂದರು. ತೆಳ್ಳಗಿನ ಮುದುಕರು, ಬಿಳಿ ಗಡ್ಡ, ಕಿಸೆಯಲ್ಲಿ ಪುಟ್ಟ ಕನ್ನಡಿ. ಅವರ ಹಿಂದೆ ದವಡೆ ವಾರ್ಡಿನ ಹಲ್ಲಿನವರ ದೊಡ್ಡ ಹಿಂಡೇ ಇತ್ತು. ಜೀಸಿಸ್‌ನ ಬಾಯಿ ನೋಡಿ “ಹೂಂ” ಎಂದರು. ಪಾಂಡೆಲಿಸ್‌ನದನ್ನು ನೋಡಿಯೂ “ಹೂಂ” ಎಂದರು. ಲಾಂಬ್ರೋಸ್‌ನ ಗದ್ದದ ಬಟ್ಟೆ ಬಿಚ್ಚಿಸಿ, ಕನ್ನಡಿ ಹಿಡಿದು, ಬಹಳ ಹೊತ್ತು ಬಗ್ಗಿ ನೋಡಿದರು. “ಹೂಂ” ಬರಲಿಲ್ಲ.

“ಇದನ್ನ ಮಾಡಿದ್ದು ಯಾರು?”

ಸ್ಟೆರ್ಯೊಸ್ ಬಾಯಿ ತೆರೆಯುವ ಮೊದಲೇ ಮೇಜರ್ ಮುಂದೆ ಬಂದ. “ಇವನು, ಕರ್ನಲ್. ನಾನು ಕಣ್ಣಾರೆ ನೋಡಿದ್ದೀನಿ. ಸತ್ತೇ ಹೋಗಿದ್ದವನನ್ನ ವಾಪಸ್ ಎಳ್ಕೊಂಡು ಬಂದ. ಪದಕಕ್ಕೆ ನಾನೇ ಬರೀತೀನಿ.”

“ಅದು ಸರಿ. ಹಡಗಲ್ಲಿ ತಂತಿ ಯಾಕಿತ್ತು?” ಕರ್ನಲ್ ಕನ್ನಡಿ ಒರೆಸಿಕೊಳ್ಳುತ್ತಲೇ ಕೇಳಿದರು. “ರಬ್ಬರ್ ಇರ್ಲಿಲ್ವಾ?”

“ಇರ್ಲಿಲ್ಲ,” ಎಂದ ಮೇಜರ್. “ನಾನೇ ಕಡಿಮೆ ಕೊಟ್ಟಿದ್ದೆ. ಅದು ನನ್ನ ತಲೆ ಮೇಲೆ ಇರ್ಲಿ.”

ಮುಗಿದೇ ಹೋಗಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು. ಮೇಜರನೇ ಹೊರೆ ಹೊತ್ತುಕೊಂಡಿದ್ದ. ಕರ್ನಲ್ಲರ ಹಿಂದೆ ನಿಂತ ಹಲ್ಲಿನವರೆಲ್ಲ ಅವನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಸಿಸ್ಟರ್ ಪೊಲಿಕ್ಸೇನಿ ಮಾತ್ರ ಕೈಕಟ್ಟಿಕೊಂಡು ನೆಲ ನೋಡುತ್ತಿದ್ದಳು. ಲಾಂಬ್ರೋಸ್ ಎರಡು ಹಲ್ಲು ಹೋದ ಬಾಯಲ್ಲಿ ಅವನಿಗೆ ನಗೆ ತೋರಿಸಲು ಹೆಣಗುತ್ತಿದ್ದ. ಆ ನಗುವನ್ನು ಸ್ಟೆರ್ಯೊಸ್‌ಗೆ ತಡೆದುಕೊಳ್ಳಲಾಗಲಿಲ್ಲ.

“ಇತ್ತು, ಕರ್ನಲ್,” ಎಂದ. “ಮೂವರಿಗೂ ಆಗೋವಷ್ಟು ಇತ್ತು. ಮೇಜರ್ ತಪ್ಪಿಲ್ಲ. ಇವನ ಕಟ್ಟು ನಾನು ಕಟ್ಟಿದ್ರಲ್ಲೆಲ್ಲ ಚೆನ್ನಾಗಿತ್ತು. ನಿಮಗೆ ತೋರಿಸ್ಬೇಕು ಅಂತ ಬಿಚ್ಚಲಿಲ್ಲ. ಗಂಟೆಲ್ಲ ಒಳಗೆ ಅಡಗಿಸಿದ್ದೆ, ಚಂದಕ್ಕೆ. ಅದಕ್ಕೇ ಕತ್ತರಿ ಹೋಗ್ಲಿಲ್ಲ.”

ಮೇಜರನ ಮುಖ ಕೆಂಪಾಯಿತು. ಹಿಂದೆ ನಿಂತಿದ್ದ ಹಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಒಬ್ಬೊಬ್ಬರೂ ತಾವು ಕಟ್ಟಿದ ಯಾವುದೋ ಬಾಯಿ ನೆನಪಾದವರಂತೆ ನಿಂತಿದ್ದರು. ಕರ್ನಲ್ ಕನ್ನಡಿ ಒರೆಸುವುದನ್ನು ನಿಲ್ಲಿಸಿದರು.

“ಅಷ್ಟು ಚೆನ್ನಾಗಿತ್ತೇನಯ್ಯಾ?”

“ತುಂಬಾ ಚೆನ್ನಾಗಿತ್ತು, ಕರ್ನಲ್.”

ಮುದುಕರು ಕನ್ನಡಿಯನ್ನು ಕಿಸೆಗೆ ಹಾಕಿಕೊಂಡರು. “ಹಾಳಾಗ್ಲಿ ನಾವು,” ಎಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, “ನೀನು ಇನ್ಮೇಲೆ ಇವನ ಬಾಯಿ ಮುಟ್ಬೇಡ. ನಾಳೆ ನಾನೇ ಕಟ್ತೀನಿ. ನಿನ್ನ ವಿಷಯ ಆಮೇಲೆ ನೋಡೋಣ” ಎಂದು ತಿರುಗಿದರು.

ಲಾಂಬ್ರೋಸ್‌ನ ನಗೆ ಎಂದೋ ಆರಿಹೋಗಿತ್ತು. ಅವನು ಸ್ಟೆರ್ಯೊಸ್‌ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ. ದವಡೆಯನ್ನು ಅಂಗೈಯಿಂದ ಎತ್ತಿ ಹಿಡಿದುಕೊಂಡ. ಬಾಯಿ ಬಿಗಿದ ಮೇಲೆ ಮೊದಲ ಸಲ ಅವನು ಬಾಯಿ ತೆರೆದು ಮಾತಾಡುತ್ತಿದ್ದ. ಮಾತಿನ ಜೊತೆಗೆ ರಕ್ತ ಬೆರೆತ ಜೊಲ್ಲು ಇಳಿಯಿತು.

“ನನ್ನ ಬಾಯಿ ನಿಂಗೆ ಅಂಗಡಿ ಕಿಟಕಿ ಆಗಿತ್ತಾ? ಕಟ್ಟು ಹಾಳು ಮಾಡ್ಬೇಡಿ ಅಂತ ನಾನೇ ನಿಂಗೆ ಹೇಳ್ದೆ. ನೀನು ಸುಮ್ನೆ ಕೇಳ್ತಾ ಇದ್ದೆ.”

“ಹೌದು,” ಎಂದ ಸ್ಟೆರ್ಯೊಸ್.

“ಥೂ.” ಲಾಂಬ್ರೋಸ್ ಪಕ್ಕಕ್ಕೆ ಉಗುಳಿದ. ಆಮೇಲೆ ಆ ಕಡೆ ಹೊರಟಿದ್ದ ಕರ್ನಲ್ಲರ ತೋಳು ಹಿಡಿದು ನಿಲ್ಲಿಸಿದ. “ಯಜಮಾನ್ರೇ, ನೀವು ಕಟ್ಬೇಡಿ. ನಾಳೆ ಇವನೇ ಕಟ್ಲಿ.”

“ಇವನಾ? ಯಾಕಯ್ಯಾ?” ಎಂದರು ಕರ್ನಲ್.

“ಇನ್ಮೇಲೆ ಇವನು ಹೆದರ್ಕೊಂಡು ಕಟ್ತಾನೆ,” ಎಂದ ಲಾಂಬ್ರೋಸ್. “ನೀವೆಲ್ಲಾ ಇನ್ನೂ ಹೆದರಿಲ್ಲ.”

ಕರ್ನಲ್ ಅವನ ಮುಖ ನೋಡಿದರು, ಸ್ಟೆರ್ಯೊಸ್‌ನ ಮುಖ ನೋಡಿದರು. ಕಡೆಗೆ ಆಗಲಿ ಎನ್ನುವಂತೆ ತಲೆಯಾಡಿಸಿ ಏಣಿ ಇಳಿದು ಹೋದರು. ಸ್ಟೆರ್ಯೊಸ್ ಬಿಚ್ಚಿಬಿದ್ದಿದ್ದ ಬಟ್ಟೆ ಎತ್ತಿಕೊಂಡು, ಲಾಂಬ್ರೋಸ್‌ನ ಗದ್ದಕ್ಕೆ ಮತ್ತೆ ಸುತ್ತತೊಡಗಿದ. ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಕೆನ್ನೆಯ ಮೇಲೇ ಹಾಕಿದ.